ಮೈಕು ಕಾಣದಾದಾಗ ಗಿರಾಕಿಯನ್ನು ಕೇಳುವುದು ಹೇಗೆ: ಸಣ್ಣ ಸ್ಟುಡಿಯೋಗಳಿಗೆ ಒಂದು ಮಾರ್ಗದರ್ಶಿ

ರೆಕಾರ್ಡಿಂಗ್ ಸ್ಟುಡಿಯೋದಿಂದ ಸಾಮಾನು ಕಾಣೆಯಾಗಲು ಕಳ್ಳನೇ ಬರಬೇಕೆಂದಿಲ್ಲ. ಗೋಕಾಕ ಕಡೆಯ ಹತ್ತು ಹನ್ನೆರಡು ಜನರ ಭಜನಾ ಮಂಡಳಿಯೊಂದು ಕ್ರೂಸರ್ ಗಾಡಿಯಲ್ಲಿ ಬಂದು, ದಿನವಿಡೀ ಹಾಡಿ, ಕತ್ತಲಾದ ಮೇಲೆ ಊರು ಮುಟ್ಟುವ ಅವಸರದಲ್ಲಿ ಗಂಟು ಕಟ್ಟಿದರೆ ಸಾಕು. ತಬಲಾದ ಚೀಲದಲ್ಲಿ ನಿಮ್ಮ ಹೆಡ್‌ಫೋನಿನ ಪಿನ್ನು, ಪೇಟಿಯ (ಹಾರ್ಮೋನಿಯಂನ) ಪೆಟ್ಟಿಗೆಯಲ್ಲಿ ನಿಮ್ಮ ಕೇಬಲ್ಲು, ಹಿರಿಯ ಗಾಯಕರ ಅಂಗಿಯ ಕಾಲರಿನಲ್ಲಿ ನಿಮ್ಮ ಕ್ಲಿಪ್ ಮೈಕು ಊರು ಸೇರಿಬಿಡುತ್ತವೆ. ಮರುದಿನ ಬೆಳಿಗ್ಗೆ ಖಾಲಿ ಗೂಡು ನೋಡಿ ನೀವು ಫೋನು ಕೈಗೆತ್ತಿಕೊಳ್ಳುತ್ತೀರಿ. ಈ ಲೇಖನ ಆ ಫೋನಿನ ಬಗ್ಗೆ. ಅದಕ್ಕೆ ಮೊದಲು ಏನೇನು ಸಿದ್ಧವಿರಬೇಕು, ಅದರಲ್ಲಿ ಏನು ಹೇಳಬೇಕು, ಅದರಿಂದ ಕೆಲಸ ಆಗದಿದ್ದರೆ ಮುಂದೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಬೆಳಗಾವಿಯಂಥ ಊರಿನಲ್ಲಿ ಇದು ದೊಡ್ಡ ವಿಷಯವೇ. ಇಲ್ಲಿನ ಸ್ಟುಡಿಯೋಗಳಿಗೆ ಗಿರಾಕಿಗಳು ಬಾಯಿಂದ ಬಾಯಿಗೆ ಬರುತ್ತಾರೆ. ಬನದ ಹುಣ್ಣಿಮೆಗೆ ಮೊದಲು ಯಲ್ಲಮ್ಮನ ಹಾಡುಗಳು, ಗಣೇಶ ಚೌತಿಗೆ ಮೊದಲು ಕನ್ನಡ ಮರಾಠಿ ಎರಡರಲ್ಲೂ ಮಂಡಳಗಳ ಹಾಡುಗಳು, ಚುನಾವಣೆ ಬಂದರೆ ಪ್ರಚಾರಗೀತೆಗಳು. ಒಂದು ಮೇಳಕ್ಕೆ ನುಡಿಸುವ ಪೇಟಿ ಮಾಸ್ತರ ಇನ್ನೂ ನಾಲ್ಕು ಮೇಳಗಳಿಗೆ ನುಡಿಸುತ್ತಾರೆ. ‘ಅಲ್ಲಿಗೆ ಹೋದರೆ ಕಳ್ಳರಂತೆ ನೋಡುತ್ತಾರೆ’ ಎಂಬ ಮಾತು ರಾಯಬಾಗದಿಂದ ಜಮಖಂಡಿಗೆ ತಲುಪಲು ಒಂದು ಜಾತ್ರೆ ಸಾಕು. ಹೋದ ಮೈಕನ್ನು ಮತ್ತೆ ಕೊಳ್ಳಬಹುದು. ಹೋದ ಮೇಳ ಮರಳುವುದಿಲ್ಲ, ಜೊತೆಗೆ ಬೇರೆ ಮೇಳಗಳನ್ನೂ ಕರೆದುಕೊಂಡು ಹೋಗುತ್ತದೆ.

ಹಾಗಾಗಿ ಇಡೀ ಲೇಖನದ ಹಿಂದೆ ಇರುವುದು ಒಂದೇ ನಿಯಮ. ಸಾಮಾನನ್ನು ಹುಡುಕಿ, ಮನುಷ್ಯನನ್ನು ಹುಡುಕಬೇಡಿ. ಕೇಳಲು ಸುಲಭ, ಪಾಲಿಸಲು ಕಷ್ಟ. ಸಿಟ್ಟು ಬಂದಾಗ ನಮ್ಮ ತಲೆ ತಾನಾಗಿಯೇ ‘ಯಾರು’ ಎಂದು ಕೇಳುತ್ತದೆ, ‘ಎಲ್ಲಿ’ ಎಂದು ಕೇಳುವುದಿಲ್ಲ.

ಮೊದಲ ಹೆಜ್ಜೆ: ನಿಮ್ಮಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿರಲಿ

ಎಷ್ಟು ಕೇಬಲ್ ಇವೆ ಎಂದೇ ಗೊತ್ತಿಲ್ಲದವನು ಒಂದು ಕೇಬಲ್ ಕಡಿಮೆಯಾಗಿದೆ ಎಂದು ಯಾರಿಗೂ ಹೇಳುವಂತಿಲ್ಲ. ನೂರು ಪುಟದ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಪ್ರತಿ ಮೈಕು, ಹೆಡ್‌ಫೋನು, ಸ್ಟ್ಯಾಂಡು, ಡಿಐ ಬಾಕ್ಸು (ಕೀಬೋರ್ಡಿನಂಥ ವಾದ್ಯವನ್ನು ಮೈಕಿಲ್ಲದೆ ನೇರವಾಗಿ ರೆಕಾರ್ಡಿಂಗಿಗೆ ಕೊಡುವ ಪೆಟ್ಟಿಗೆ), ಕೇಬಲ್ಲಿಗೆ ಒಂದು ಸಂಖ್ಯೆ ಕೊಟ್ಟು ಬರೆಯಿರಿ. ಸರಣಿ ಸಂಖ್ಯೆ ಇದ್ದರೆ ಅದನ್ನೂ, ಬಿಲ್ಲಿನ ಫೋಟೋವನ್ನೂ ಇಟ್ಟುಕೊಳ್ಳಿ. ಎಲ್ಲ ಮೈಕುಗಳ ಮೇಲೂ ಸರಣಿ ಸಂಖ್ಯೆ ಇರುವುದಿಲ್ಲ. ಅಂಥವುಗಳ ಮೇಲೆ ಕೆತ್ತುವ ಪೆನ್ನಿನಿಂದ ನಿಮ್ಮದೇ ಗುರುತು ಮಾಡಿಸಿ. ಶೂರ್ ಎಸ್‌ಎಂ58 ಥರದ ಮೈಕುಗಳು ಪ್ರತಿ ಸೌಂಡ್ ಸರ್ವಿಸ್‌ನವರ ಹತ್ತಿರವೂ ಇವೆ, ಅವುಗಳ ನಕಲಿಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಗುರುತಿಲ್ಲದ ಮೈಕು ನಿಮ್ಮದೆಂದು ಸಾಧಿಸುವುದು ಸಾಧ್ಯವಿಲ್ಲದ ಮಾತು.

ಕೇಬಲ್ಲಿನ ಎರಡೂ ತುದಿಗೆ ಬಣ್ಣದ ಟೇಪು ಸುತ್ತಿ. ಬಣ್ಣ ಆರಿಸುವಾಗ ಸ್ವಲ್ಪ ಯೋಚಿಸಿ. ನಮ್ಮ ಊರಿನಲ್ಲಿ ಹಳದಿ-ಕೆಂಪಿಗೂ ಒಂದು ಅರ್ಥವಿದೆ, ಕೇಸರಿಗೂ ಒಂದು ಅರ್ಥವಿದೆ, ಎರಡೂ ಕಡೆಯವರು ನಮ್ಮ ಗಿರಾಕಿಗಳೇ. ನಾನು ಬಿಳಿ ಟೇಪಿನ ಮೇಲೆ ಕಪ್ಪು ಶಾಯಿಯಲ್ಲಿ ಅಂಕಿ ಬರೆಯುವವನು. ಅದರ ಬಗ್ಗೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಮೈಕುಗಳನ್ನು ಫೋಮಿನಲ್ಲಿ ಗೂಡು ಕೊರೆದ ಪೆಟ್ಟಿಗೆಯಲ್ಲಿಡಿ. ಕಪಾಟಿನಲ್ಲಿ ಸಾಲಾಗಿಟ್ಟ ಎಂಟು ಮೈಕುಗಳಲ್ಲಿ ಒಂದು ಇಲ್ಲದಿದ್ದರೆ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಗೂಡು ಖಾಲಿ ಇದ್ದರೆ ಮುಚ್ಚಳ ತೆರೆದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಅತಿ ಹೆಚ್ಚು ಕಾಣೆಯಾಗುವ ವಸ್ತು ಅತಿ ಅಗ್ಗದ್ದು: ಹೆಡ್‌ಫೋನಿನ 3.5 ಮಿ.ಮೀ. ತುದಿಯನ್ನು 6.35 ಮಿ.ಮೀ. ಗೆ ಬದಲಿಸುವ ಆ ಪಿನ್ನು. ಅದಕ್ಕಾಗಿ ಯಾರನ್ನೂ ಕೇಳಲು ಹೋಗಬೇಡಿ, ಮರ್ಯಾದೆಗೆ ಕಡಿಮೆ. ತಿರುಗಿಸಿ ಕೂರಿಸುವ ಪಿನ್ನು ಇರುವ ಹೆಡ್‌ಫೋನು ಕೊಳ್ಳಿ, ಇಲ್ಲವೇ ಹೆಡ್‌ಫೋನ್ ಆಂಪ್ಲಿಫೈಯರಿಗೆ ಗಿಡ್ಡ ಎಕ್ಸ್‌ಟೆನ್ಶನ್ ತಂತಿಗಳನ್ನು ಕಾಯಂ ಆಗಿ ಕಟ್ಟಿಬಿಡಿ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಸಾಫ್ಟ್‌ವೇರಿನ ಪರವಾನಗಿ ಇರುವ ಐಲಾಕ್ ಕಡ್ಡಿ. ನೋಡಲು ಪೆನ್‌ಡ್ರೈವಿನಂತಿದೆ, ಯಾರೋ ತಮ್ಮ ಹಾಡಿನ ಪೆನ್‌ಡ್ರೈವ್ ಎಂದುಕೊಂಡು ಕಿತ್ತುಕೊಂಡು ಹೋಗಬಹುದು. ಹೋದರೆ ಅದರೊಳಗಿನ ಪರವಾನಗಿಗಳಿಗಾಗಿ ತಯಾರಕರೊಂದಿಗೆ ಒದ್ದಾಡಬೇಕು. ಅದನ್ನು ಕಂಪ್ಯೂಟರಿನ ಹಿಂಭಾಗಕ್ಕೇ ಹಾಕಿ. ಗಿರಾಕಿಯ ಪೆನ್‌ಡ್ರೈವಿಗೆ ಮುಂಭಾಗ.

ಎರಡನೆಯದು: ಅವರು ಬಂದಾಗಲೇ ಅವರ ಸಾಮಾನನ್ನು ಬರೆದುಕೊಳ್ಳಿ

ಇದನ್ನು ಬಹಳ ಜನ ಮಾಡುವುದಿಲ್ಲ, ಮಾಡಿದರೆ ಮುಂದಿನ ಅರ್ಧ ಕಷ್ಟ ತಪ್ಪುತ್ತದೆ. ಮೇಳ ಒಳಗೆ ಬಂದು ಕುಳಿತು ನೀರು ಕುಡಿದ ಮೇಲೆ ನಿಮ್ಮ ಹುಡುಗ ಒಂದು ಹಾಳೆ ಹಿಡಿದು ಕೇಳಲಿ: “ಕಾಕಾ, ನಿಮ್ಮ ಸಾಮಾನು ನಮ್ಮ ಸಾಮಾನಿನಲ್ಲಿ ಬೆರೆಯಬಾರದು. ಏನೇನು ತಂದಿದ್ದೀರಿ ಹೇಳಿ, ಬರೆದುಕೊಳ್ಳುತ್ತೇನೆ.” ಪೇಟಿ ಒಂದು, ತಬಲಾ ಜೋಡಿ, ಸಿಂಬಿ ಎರಡು, ಸುತ್ತಿಗೆ ಒಂದು, ತಾಳ ನಾಲ್ಕು ಜೊತೆ, ಅವರದೇ ಮೈಕು ಒಂದು, ಮೊಬೈಲ್ ಚಾರ್ಜರ್ ಮೂರು. ಈ ಎಣಿಕೆ ಅವರ ಒಳ್ಳೆಯದಕ್ಕೆಂದು ಮಾಡಿದ್ದು, ನಿಜವಾಗಿಯೂ ಅವರ ಒಳ್ಳೆಯದಕ್ಕೇ ಇದೆ. ಹೊರಡುವಾಗ ಅದೇ ಹಾಳೆ ಹಿಡಿದು ಎರಡೂ ಕಡೆಯ ಸಾಮಾನು ಎಣಿಸಿದರೆ ಯಾರಿಗೂ ಮುಖ ಕೆಂಪಾಗುವುದಿಲ್ಲ. ಬೆಳಿಗ್ಗೆ ಎಣಿಸದೆ ಸಂಜೆ ಮಾತ್ರ ಎಣಿಸಿದರೆ ಅದು ತಪಾಸಣೆಯಾಗುತ್ತದೆ.

ಅದೇ ಹೊತ್ತಿನಲ್ಲಿ ಇನ್ನೊಂದು ಮಾತು ಹೇಳಿಬಿಡಿ: ಮೈಕಿನ ತಂತಿಯನ್ನು ಯಾರೂ ಕೀಳಬಾರದು, ನಮ್ಮ ಹುಡುಗನೇ ಕೀಳುತ್ತಾನೆ. ಇದಕ್ಕೆ ಅಪನಂಬಿಕೆಯ ಕಾರಣ ಕೊಡಬೇಕಾಗಿಲ್ಲ, ಕೆಲಸದ ಕಾರಣವೇ ಇದೆ. ಕಂಡೆನ್ಸರ್ ಮೈಕಿಗೆ ತಂತಿಯ ಮೂಲಕ 48 ವೋಲ್ಟ್ ಹೋಗುತ್ತಿರುತ್ತದೆ. ಅದನ್ನು ಆರಿಸದೆ ಕಿತ್ತರೆ ಹೆಡ್‌ಫೋನು ಹಾಕಿಕೊಂಡವರ ಕಿವಿಗೂ ಸ್ಪೀಕರಿಗೂ ಢಬ್ ಎಂದು ಏಟು ಬೀಳುತ್ತದೆ. ಇದನ್ನು ಹೇಳಿದರೆ ಮೇಳದ ಹಿರಿಯರೇ ಹುಡುಗರಿಗೆ ‘ಮುಟ್ಟಬೇಡ’ ಎಂದು ಗದರಿಸುತ್ತಾರೆ.

ಕ್ಯಾಮೆರಾ ಇದ್ದರೆ ಬಾಗಿಲಿಗೂ ಸಾಮಾನಿನ ಕಪಾಟಿಗೂ ಇರಲಿ, ‘ಇಲ್ಲಿ ಕ್ಯಾಮೆರಾ ಇದೆ’ ಎಂಬ ಫಲಕ ಎರಡೂ ಭಾಷೆಗಳಲ್ಲಿ ಇರಲಿ. ಹೆಣ್ಣುಮಕ್ಕಳು ಕುಳಿತು ವಿಶ್ರಾಂತಿ ಪಡೆಯುವ, ಸೀರೆ ಸರಿಮಾಡಿಕೊಳ್ಳುವ ಕೋಣೆಯಲ್ಲಿ ಯಾವ ಕಾರಣಕ್ಕೂ ಬೇಡ.

ಮೂರನೆಯದು: ಚಹಾದ ಹೊತ್ತು

ಕೊನೆಯ ಹಾಡು ಮುಗಿದ ಕೂಡಲೇ ಎಲ್ಲರೂ ಒಮ್ಮೆಲೇ ಏಳುತ್ತಾರೆ, ಅನಾಹುತವಾಗುವುದು ಆಗಲೇ. ಅವರನ್ನು ಹೊರಗಿನ ಕೋಣೆಗೆ ಚಹಾಕ್ಕೆ ಕರೆಯಿರಿ. “ಚಹಾ ಕುಡಿದು ಕಟ್ಟೋಣ, ಗಾಡಿ ಎಲ್ಲಿಗೂ ಹೋಗುವುದಿಲ್ಲ.” ಅವರು ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ನಿಮ್ಮ ಹುಡುಗ ಮೈಕುಗಳನ್ನು ಗೂಡಿಗೆ, ಹೆಡ್‌ಫೋನುಗಳನ್ನು ಕೊಕ್ಕೆಗೆ, ಕೇಬಲ್ಲುಗಳನ್ನು ಸುರುಳಿಗೆ ಸೇರಿಸಿರಬೇಕು. ನಿಮ್ಮ ಸಾಮಾನು ಒಳಗಾದ ಮೇಲೆ ಅವರು ತಮ್ಮದನ್ನು ಕಟ್ಟಲಿ. ಈ ಕ್ರಮವೊಂದನ್ನು ಬಿಡದೆ ಪಾಲಿಸಿದರೆ ಈ ಲೇಖನದ ಉಳಿದ ಭಾಗ ನಿಮಗೆ ಅಪರೂಪಕ್ಕೆ ಬೇಕಾಗಬಹುದು.

ಕಟ್ಟುವ ಮುನ್ನವೇ ಒಂದು ಕಡಿಮೆ ಎಂದು ಗೊತ್ತಾದರೆ ಎಲ್ಲರೆದುರು ನಗುತ್ತಲೇ ಹೇಳಿ: “ಏಳನೇ ನಂಬರಿನ ಮೈಕು ಎಲ್ಲೋ ಅಡಗಿದೆ, ಎಲ್ಲರೂ ಸ್ವಲ್ಪ ನೋಡಿ.” ತಮ್ಮ ಚೀಲವನ್ನು ತಾವೇ ತೆರೆದು ನೋಡಿಕೊಳ್ಳುವುದಕ್ಕೆ ಅವರಿಗೆ ಜಾಗ ಕೊಡಿ. ನೀವಾಗಿ ಒಬ್ಬರ ಚೀಲಕ್ಕೂ ಕೈ ಹಾಕಬೇಡಿ. ಅವರೇ ‘ನೋಡಿ’ ಎಂದು ಮುಂದೆ ತಳ್ಳಿದರೂ, “ನೀವೇ ನೋಡಿದಿರಲ್ಲ, ಸಾಕು” ಎನ್ನಿ.

ನಾಲ್ಕನೆಯದು: ಗೊತ್ತಾದ ಮೊದಲ ಗಂಟೆ, ಫೋನು ಕೆಳಗಿಡಿ

ಮೇಳ ಹೋದ ಮೇಲೆ ಗೊತ್ತಾಯಿತು ಎಂದುಕೊಳ್ಳಿ. ಮೊದಲ ಒಂದು ಗಂಟೆ ಯಾರಿಗೂ ಫೋನು ಮಾಡಬೇಡಿ. ಆ ಗಂಟೆಯಲ್ಲಿ ಮಾಡುವ ಕೆಲಸ ಬೇರೆ ಇದೆ.

ಗೋಡೆಗೆ ಒರಗಿಸಿದ ಫೋಮ್ ಹಲಗೆಗಳ ಹಿಂದೆ, ಕೂತ ಗಾದಿಯ ಕೆಳಗೆ, ಸೋಫಾದ ಸಂದಿಯಲ್ಲಿ, ಮಡಿಸಿದ ಸ್ಟ್ಯಾಂಡಿನ ತುದಿಯಲ್ಲಿ ನೋಡಿ. ಕ್ಲಿಪ್ಪಿನ ಸಮೇತ ಸ್ಟ್ಯಾಂಡಿನಲ್ಲೇ ಉಳಿದು ಮೂಲೆ ಸೇರಿದ ಮೈಕುಗಳು ಎಷ್ಟೋ.

ಆಮೇಲೆ ಆ ದಿನದ ರೆಕಾರ್ಡಿಂಗ್ ತೆರೆಯಿರಿ. ಸಾಮಾನಿನ ಬಗ್ಗೆ ಸುಳ್ಳು ಹೇಳದ ಸಾಕ್ಷಿ ಎಂದರೆ ಅದೇ. ಏಳನೇ ಮೈಕು ಯಾವ ಚಾನೆಲ್ಲಿಗೆ ಹೋಗಿತ್ತು, ಆ ಟ್ರ್ಯಾಕಿನಲ್ಲಿ ಕೊನೆಯ ದನಿ ಎಷ್ಟು ಗಂಟೆಗೆ ಬಿದ್ದಿದೆ ಎಂಬುದು ಫೈಲಿನ ಸಮಯ ನೋಡಿದರೆ ತಿಳಿಯುತ್ತದೆ. ಸಂಜೆ ಆರು ಹತ್ತರವರೆಗೆ ಆ ಮೈಕಿನಲ್ಲಿ ಪೇಟಿಯ ದನಿ ಇದ್ದರೆ ಅಲ್ಲಿಯವರೆಗೆ ಮೈಕು ಇತ್ತು. ಮಧ್ಯಾಹ್ನವೇ ಆ ಟ್ರ್ಯಾಕು ಖಾಲಿಯಾಗಿದ್ದರೆ ಸಂಜೆ ಬಂದ ಜನರ ಮೇಲೆ ಅನುಮಾನಪಡುವ ಪ್ರಶ್ನೆಯೇ ಇಲ್ಲ. ಮೈಕು ಇಟ್ಟ ರೀತಿಯನ್ನು ಮುಂದೆ ಬೇಕಾಗಬಹುದೆಂದು ಮೊಬೈಲಿನಲ್ಲಿ ಫೋಟೋ ತೆಗೆಯುವ ರೂಢಿ ಇದ್ದರೆ ಅದನ್ನೂ ನೋಡಿ.

ಇನ್ನು ನಮ್ಮ ಮನೆಯೊಳಗಿನ ವಿಚಾರಣೆ. ಜಾತ್ರೆ ಮದುವೆಗಳ ಕಾಲದಲ್ಲಿ ಸೌಂಡ್ ಸರ್ವಿಸ್‌ನ ಗೆಳೆಯರು ‘ಒಂದು ರಾತ್ರಿಗೆ ಕೊಡು’ ಎಂದು ಕೇಳುತ್ತಾರೆ, ನಮ್ಮ ಹುಡುಗ ಕೊಡುತ್ತಾನೆ, ಹೇಳಲು ಮರೆಯುತ್ತಾನೆ. ಅವನನ್ನು “ಯಾರಿಗಾದರೂ ಕೊಟ್ಟಿದ್ದೀಯಾ?” ಎಂದು ಕೇಳಿ, “ಏನು ಮಾಡಿದೆ?” ಎಂದು ಕೇಳಬೇಡಿ. ಕೊಟ್ಟಿದ್ದರೆ ಹೇಳಲು ಅವನಿಗೆ ಧೈರ್ಯ ಬರಬೇಕು. ಹೊರಗೆ ಕೊಟ್ಟ ಸಾಮಾನಿಗೆ ಅದೇ ನೋಟುಬುಕ್ಕಿನ ಕೊನೆಯಲ್ಲಿ ನಾಲ್ಕು ಪುಟ ಮೀಸಲಿಡಿ.

ಇಲ್ಲೇ ಒಂದು ಕಹಿ ಮಾತು ಹೇಳಬೇಕು. ಸಾಮಾನು ಕಾಣದಾದಾಗ ನಮ್ಮ ಕಣ್ಣು ಮೊದಲು ಯಾರ ಕಡೆ ಹೋಗುತ್ತದೆ ಎಂಬುದನ್ನು ಗಮನಿಸಿ. ಬ್ರ್ಯಾಂಡೆಡ್ ಬ್ಯಾಗು ಹಾಕಿಕೊಂಡು ಬಂದ ಕಾಲೇಜು ಹುಡುಗರ ರ‍್ಯಾಪ್ ತಂಡದ ಕಡೆ ಹೋಗುವುದಿಲ್ಲ. ಹಲಗಿ ಬಾರಿಸಲು ಬಂದವರ ಗಂಟಿನ ಕಡೆ, ಚೌಡಿಕೆ ಹಿಡಿದು ಬಂದ ಜೋಗತಿಯರ ಕಡೆ ಹೋಗುತ್ತದೆ. ಇದಕ್ಕೆ ಯಾವ ಲೆಕ್ಕದ ಆಧಾರವೂ ಇಲ್ಲ, ಹಳೆಯ ಜಾತಿಯ ರೂಢಿ ಅಷ್ಟೆ. ಅವರು ಊರೂರಲ್ಲಿ ಇಂಥ ಕಣ್ಣುಗಳನ್ನು ಎದುರಿಸಿಯೇ ಬಂದವರು, ನಿಮ್ಮ ಮಾತಿಗಿಂತ ಮೊದಲೇ ನಿಮ್ಮ ಕಣ್ಣನ್ನು ಓದುತ್ತಾರೆ. ಅನುಮಾನದ ಪಟ್ಟಿ ಮಾಡುವುದನ್ನೇ ಬಿಟ್ಟು ಸ್ಥಳದ ಪಟ್ಟಿ ಮಾಡಿ: ಮೈಕು ಕೊನೆಗೆ ಎಲ್ಲಿತ್ತು, ಅದರ ಪಕ್ಕ ಯಾವ ಪೆಟ್ಟಿಗೆ ತೆರೆದಿತ್ತು.

ಐದನೆಯದು: ಫೋನು

ಯಾರಿಗೆ ಮಾಡಬೇಕು? ಬುಕ್ ಮಾಡಿದವರಿಗೆ, ಅಂದರೆ ಮೇಳದ ಮುಖ್ಯಸ್ಥರಿಗೆ. ಅಲ್ಲಿನ ಕಿರಿಯ ಹುಡುಗನಿಗೆ ಮಾಡಿದರೆ ಅವನು ಹೆದರುತ್ತಾನೆ, ಸಾಮಾನು ಅವನ ಹತ್ತಿರವೇ ಇದ್ದರೂ ಇಲ್ಲ ಎಂದುಬಿಡುತ್ತಾನೆ. ಮೇಳದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಲೇಬೇಡಿ. ಗುಂಪಿನಲ್ಲಿ ಹಾಕಿದ ಪ್ರಶ್ನೆ ಎಷ್ಟೇ ಮೆತ್ತಗಿದ್ದರೂ ನೋಟೀಸೇ.

ಯಾವಾಗ? ಅವರು ದಾರಿಯಲ್ಲಿದ್ದಾಗ ಬೇಡ. ಕ್ರೂಸರಿನೊಳಗೆ ಫೋನು ಸ್ಪೀಕರಿನಲ್ಲಿರುತ್ತದೆ, ನಿಮ್ಮ ಮಾತು ಹತ್ತು ಜನರಿಗೆ ಕೇಳುತ್ತದೆ. ಮರುದಿನ ಬೆಳಿಗ್ಗೆ, ಊಟಕ್ಕೆ ಮೊದಲು ಸರಿಯಾದ ಹೊತ್ತು. ಎರಡು ದಿನ ಬಿಟ್ಟು ಮಾಡಿದರೆ ಪೆಟ್ಟಿಗೆಗಳು ಇನ್ನೊಂದು ಊರಿಗೆ ಕಾರ್ಯಕ್ರಮಕ್ಕೆ ಹೊರಟಿರುತ್ತವೆ.

ಮಾತು ಹೀಗೆ ಸಾಗಬಹುದು.

“ನಮಸ್ಕಾರ ಮಾಸ್ತರರೇ. ರಾತ್ರಿ ಆರಾಮವಾಗಿ ಊರು ಮುಟ್ಟಿದಿರಾ? ಘಟಪ್ರಭಾ ಕಡೆ ಮಳೆ ಇತ್ತಂತೆ.”

“ಮುಟ್ಟಿದೆವು. ಹಾಡು ಯಾವಾಗ ಕೇಳಿಸುತ್ತೀರಿ?”

“ಗುರುವಾರ ಮೊದಲ ಎರಡು ಕಳುಹಿಸುತ್ತೇನೆ. ಇನ್ನೊಂದು ಸಣ್ಣ ಕೆಲಸವಿತ್ತು. ಪೇಟಿಗೆ ಹಿಡಿದಿದ್ದ ಮೈಕು ನಮ್ಮ ಪೆಟ್ಟಿಗೆಯಲ್ಲಿ ಕಾಣುತ್ತಿಲ್ಲ. ಇಲ್ಲಿ ಎಲ್ಲ ಕಡೆ ಹುಡುಕಿದೆವು. ಕಟ್ಟುವ ಗಡಿಬಿಡಿಯಲ್ಲಿ ನಿಮ್ಮ ಸಾಮಾನಿನೊಂದಿಗೆ ಬಂದಿರಬಹುದು. ಪೇಟಿಯ ಪೆಟ್ಟಿಗೆ ತೆರೆದಾಗ ಒಮ್ಮೆ ನೋಡಿ. ಬಿಳಿ ಟೇಪಿನ ಮೇಲೆ ಏಳು ಎಂದು ಬರೆದಿದೆ, ಫೋಟೋ ಕಳುಹಿಸುತ್ತೇನೆ. ನಿಮ್ಮದೇನಾದರೂ ಇಲ್ಲಿ ಉಳಿದಿದ್ದರೆ ಅದನ್ನೂ ಹೇಳಿ.”

ಇಷ್ಟೇ. ಇದರಲ್ಲಿ ಏನೇನಿದೆ ಎಂದು ನೋಡಿ. ಮೊದಲು ಅವರ ಕೆಲಸದ ಮಾತು ಬಂತು, ಆಮೇಲೆ ನಮ್ಮದು. ಹಾಡು ಗುರುವಾರ ಬರುತ್ತದೆ ಎಂಬ ಮಾತಿಗೂ ಮೈಕಿನ ಮಾತಿಗೂ ಗಂಟು ಹಾಕಿಲ್ಲ. ನಾವು ಮೊದಲು ನಮ್ಮಲ್ಲೇ ಹುಡುಕಿದ್ದೇವೆಂದು ಹೇಳಿದ್ದೇವೆ, ಅದು ನಿಜವೂ ಹೌದು. ಯಾರ ಹೆಸರೂ ಇಲ್ಲ, ‘ನಿಮ್ಮವರು’ ಎಂಬ ಮಾತೂ ಇಲ್ಲ. ಪೇಟಿಯ ಪೆಟ್ಟಿಗೆ ಎಂಬ ಒಂದು ಜಾಗವನ್ನು ಮಾತ್ರ ಹೇಳಿದ್ದೇವೆ. ಕಳವು ಎಂಬ ಪದವನ್ನು ನೀವು ಬಾಯಿಗೆ ತಂದ ಕ್ಷಣದಿಂದ ಮಾಸ್ತರರು ಮೈಕು ಹುಡುಕುವುದನ್ನು ಬಿಟ್ಟು ಮೇಳದ ಮಾನ ಕಾಯಲು ನಿಲ್ಲುತ್ತಾರೆ. ಅವರ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತೀರಿ.

ಫೋಟೋ ಕಳುಹಿಸುವಾಗ ಪಕ್ಕದಲ್ಲಿ ಒಂದು ಬೆಂಕಿಪೆಟ್ಟಿಗೆ ಇಟ್ಟು ತೆಗೆದದ್ದು ಇದ್ದರೆ ಒಳ್ಳೆಯದು, ಗಾತ್ರ ತಿಳಿಯುತ್ತದೆ. ‘ಎಕ್ಸ್‌ಎಲ್‌ಆರ್ ಕೇಬಲ್’ ಎಂದು ಬರೆದರೆ ಅರ್ಧ ಜನರಿಗೆ ತಿಳಿಯುವುದಿಲ್ಲ, ‘ಮೂರು ಕಡ್ಡಿ ಇರುವ ಕಪ್ಪು ತಂತಿ, ತುದಿಗೆ ಬಿಳಿ ಟೇಪು’ ಎಂದರೆ ಮನೆಯ ಮಕ್ಕಳೂ ಹುಡುಕಿ ಕೊಡುತ್ತಾರೆ.

ಮರಾಠಿ ಮಂಡಳಿಯಾದರೆ ಮರಾಠಿಯಲ್ಲೇ ಮಾತನಾಡಿ, ಅಭಂಗದ ಬುವಾ ಅವರನ್ನು ಬುವಾ ಎಂದೇ ಕರೆಯಿರಿ. ನಿಮ್ಮ ಮರಾಠಿ ಹರಕುಮುರುಕಾಗಿದ್ದರೂ ಚಿಂತೆಯಿಲ್ಲ. ಇಂಥ ವಿಷಯವನ್ನು ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ಕೇಳಿಸಿಕೊಂಡವರಿಗೆ ಆರೋಪ ಮಾತ್ರ ಕೇಳುತ್ತದೆ. ಹೆಣ್ಣುಮಕ್ಕಳ ಮೇಳವಾದರೆ ನಿಮ್ಮ ಮನೆಯವರಿಂದ ಫೋನು ಮಾಡಿಸಿದರೂ ಆಗುತ್ತದೆ: “ಅಕ್ಕಾವರೇ, ಚೀಲದಲ್ಲಿ ನಮ್ಮದೊಂದು ಮೈಕು ಬಂದಿದೆಯೇನೋ ನೋಡಿ.”

‘ಕ್ಯಾಮೆರಾದಲ್ಲಿ ಎಲ್ಲ ಬಿದ್ದಿದೆ’ ಎಂದು ಸುಮ್ಮನೆ ಹೆದರಿಸುವ ಉಪಾಯ ಕೆಲವರಿಗೆ ಪ್ರಿಯ. ಬಿದ್ದಿಲ್ಲದಿದ್ದರೆ ಹೇಳಬೇಡಿ. ‘ಹಾಗಾದರೆ ತೋರಿಸಿ’ ಎಂದು ಅವರು ಬಂದು ನಿಂತರೆ ನಿಮ್ಮ ಮುಖ ಎಲ್ಲಿಟ್ಟುಕೊಳ್ಳುತ್ತೀರಿ? ಬಿದ್ದಿದ್ದರೂ ಅದನ್ನು ಮುಖ್ಯಸ್ಥರಿಗೆ ಮಾತ್ರ, ಎದುರು ಕುಳಿತು ತೋರಿಸಿ. ತುಣುಕನ್ನು ಫಾರ್ವರ್ಡ್ ಮಾಡಬೇಡಿ.

ಎಷ್ಟು ಸಲ ಕೇಳಬೇಕು? ಒಂದು ಸಲ ಫೋನು, ನಾಲ್ಕೈದು ದಿನ ಬಿಟ್ಟು ಹಾಡು ಕಳುಹಿಸುವಾಗ ಒಂದು ನೆನಪು. ಮೂರನೆಯ ಸಲ ಕೇಳಿದರೆ ಅದು ವಸೂಲಿಯಾಗುತ್ತದೆ.

ಮರಳುವ ದಾರಿ ಸುಲಭವಾಗಿರಲಿ

ಸಿಕ್ಕಿದೆ ಎಂದು ಅವರು ಹೇಳಿದರೆ, ತಂದುಕೊಡಿ ಎನ್ನಬೇಡಿ. “ಈ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸಿ, ಇಲ್ಲವೇ ಸಾರಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಹಾಕಿ, ಖರ್ಚು ನಮ್ಮದು.” ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಪಾರ್ಸೆಲ್ ವ್ಯವಸ್ಥೆ ಇದೆ. ಮೈಕಾದರೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಲು ಹೇಳಿ. ಎದುರಿಗೆ ಬಂದು ಕೊಡಲು ಸಂಕೋಚಪಡುವವರು ಬಹಳ. ತಪ್ಪಿ ಒಯ್ದವರಿಗೂ ಸಂಕೋಚ, ಬೇಕೆಂದೇ ಒಯ್ದು ಮನಸ್ಸು ಬದಲಾಯಿಸಿದವರಿಗೂ ಸಂಕೋಚ. ಇಬ್ಬರಿಗೂ ಒಂದೇ ದಾರಿ ತೆರೆದಿಡಿ, ಇಬ್ಬರಲ್ಲಿ ಯಾರೆಂದು ತಿಳಿಯುವ ಕುತೂಹಲವನ್ನು ಬಿಟ್ಟುಬಿಡಿ. ‘ಎಲ್ಲಿ ಸಿಕ್ಕಿತು?’ ಎಂದು ಕೇಳಬೇಡಿ. ‘ಮುಟ್ಟಿತು, ಉಪಕಾರವಾಯಿತು’ ಎಂದು ಸಂದೇಶ ಹಾಕಿ, ಮೈಕನ್ನು ಹಚ್ಚಿ ಪರೀಕ್ಷಿಸಿ ಗೂಡಿನಲ್ಲಿಡಿ.

ಸಿಗದಿದ್ದರೆ: ದುಡ್ಡು, ವಿಮೆ, ಠಾಣೆ

ಇಲ್ಲಿ ಹಲವರು ಮಾಡುವ ಕೆಲಸವೆಂದರೆ ಹಾಡನ್ನು ಹಿಡಿದಿಟ್ಟುಕೊಳ್ಳುವುದು: ‘ಮೈಕು ಕೊಡಿ, ಹಾಡು ಒಯ್ಯಿರಿ.’ ಬಾಕಿ ಹಣಕ್ಕೆ ಹಾಡು ತಡೆಯುವುದು ಬೇರೆ, ಅದು ಮೊದಲೇ ಮಾತಾಗಿರುತ್ತದೆ. ಯಾರ ಕೈಯಲ್ಲಿದೆ ಎಂದೇ ಗೊತ್ತಿಲ್ಲದ ಮೈಕಿಗೆ ಹತ್ತು ಜನರ ಹಾಡನ್ನು ಒತ್ತೆ ಇಡುವುದು ಅನ್ಯಾಯ. ಬನದ ಹುಣ್ಣಿಮೆಗೆ ಬಿಡುಗಡೆಯಾಗಬೇಕಾದ ಹಾಡು ತಿಂಗಳ ನಂತರದ ಭಾರತ ಹುಣ್ಣಿಮೆಗೆ ಬಂದರೆ ಆ ಮೇಳದ ಒಂದು ವರ್ಷದ ದುಡಿಮೆಗೇ ಪೆಟ್ಟು.

ದರಪಟ್ಟಿಯ ಕೆಳಗೆ ಒಂದು ಸಾಲು ಮೊದಲೇ ಅಚ್ಚಾಗಿರಲಿ: ‘ಬಳಸುವಾಗ ಕೆಟ್ಟ ಅಥವಾ ಕಾಣೆಯಾದ ಉಪಕರಣದ ಬಗ್ಗೆ ಎರಡೂ ಕಡೆಯವರು ಕುಳಿತು ಮಾತನಾಡಿ ತೀರ್ಮಾನಿಸುವುದು.’ ಮುಖ್ಯಸ್ಥರು ತಾವಾಗಿಯೇ ‘ನಮ್ಮಿಂದ ಹೋಗಿದ್ದರೆ ಅರ್ಧ ಕೊಡುತ್ತೇವೆ’ ಎಂದರೆ ಹಳೆಯ ಮೈಕಿನ ಬೆಲೆಯಲ್ಲಿ ಅರ್ಧ ಲೆಕ್ಕ ಹಾಕಿ. ಆರು ವರ್ಷ ಬಳಸಿದ್ದಕ್ಕೆ ಹೊಸದರ ಬೆಲೆ ಕೇಳುವುದು ಲೇವಾದೇವಿಯಾಗುತ್ತದೆ.

ವಿಮೆಯನ್ನು ನಂಬಿ ಕೂರಬೇಡಿ. ಸಾಮಾನ್ಯ ಕಳವು ವಿಮೆಗಳು ಬೀಗ ಒಡೆದು, ಬಲವಂತವಾಗಿ ಒಳನುಗ್ಗಿ ಆದ ಕಳವಿಗೆ ಹಣ ಕೊಡುತ್ತವೆ. ತೆರೆದ ಬಾಗಿಲಿನಿಂದ ಬಂದ ಅತಿಥಿಯ ಚೀಲದಲ್ಲಿ ಹೋದದ್ದು ಬೇರೆಯಾಗಿ ಸೇರಿಸಿಕೊಂಡಿದ್ದರೆ ಮಾತ್ರ ಅದರಲ್ಲಿ ಬರುತ್ತದೆ. ಪಾಲಿಸಿ ಮಾಡಿಸುವ ದಿನವೇ ಇದನ್ನು ಬಾಯಿ ಬಿಟ್ಟು ಕೇಳಿ.

ಬೆಲೆಬಾಳುವ ಸಾಮಾನಾಗಿದ್ದು, ಬೇಕೆಂದೇ ಒಯ್ದದ್ದಕ್ಕೆ ಬಲವಾದ ಆಧಾರವಿದ್ದರೆ ಠಾಣೆಗೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳವಿನದು. ಅಪ್ರಾಮಾಣಿಕ ಉದ್ದೇಶವಿಲ್ಲದೆ ಕಳವು ಆಗುವುದಿಲ್ಲ ಎಂಬುದು ಅದರ ಜೀವಾಳ. ತಪ್ಪಿ ಚೀಲಕ್ಕೆ ಹಾಕಿಕೊಂಡವರು ಕಾನೂನಿನ ಕಣ್ಣಿನಲ್ಲೂ ಕಳ್ಳರಲ್ಲ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಸಲದ ಅಪರಾಧಿ, ವಸ್ತುವನ್ನು ಮರಳಿಸಿದ್ದಾರೆ ಎಂದಾದರೆ ಶಿಕ್ಷೆ ಸಮುದಾಯ ಸೇವೆ ಎಂದು ಅದೇ ಕಲಂ ಹೇಳುತ್ತದೆ. ದೂರಿನಲ್ಲಿ ಇಂಥ ಸಂಖ್ಯೆಯ ಮೈಕು ಇಷ್ಟು ಗಂಟೆಯವರೆಗೆ ಇತ್ತು, ಇಷ್ಟು ಗಂಟೆಗೆ ಇರಲಿಲ್ಲ ಎಂದು ಬರೆಯಿರಿ. ಆ ದಿನ ಯಾರು ಬಂದಿದ್ದರು ಎಂದು ಕೇಳಿದರೆ ಪಟ್ಟಿ ಕೊಡಿ, ‘ಇವನೇ’ ಎಂದು ಬರೆಯಬೇಡಿ. ಅದೇ ಸಂಹಿತೆಯಲ್ಲಿ ಮಾನಹಾನಿಗೂ 356ನೇ ಕಲಂ ಇದೆ ಎಂಬುದು ಊರೆಲ್ಲ ಹೇಳಿಕೊಂಡು ತಿರುಗುವ ಸ್ಟುಡಿಯೋ ಮಾಲೀಕರಿಗೆ ನೆನಪಿರಲಿ.

ಒಂದು ಸಂದರ್ಭ ಮಾತ್ರ ಪೂರ್ತಿ ಬೇರೆ. ಕಾಣೆಯಾದದ್ದು ಹಾರ್ಡ್ ಡಿಸ್ಕ್ ಆಗಿದ್ದು, ಅದರಲ್ಲಿ ಬೇರೆ ಗಿರಾಕಿಗಳ ಬಿಡುಗಡೆಯಾಗದ ಹಾಡುಗಳಿದ್ದರೆ ನಯಕ್ಕಾಗಿ ಮುಚ್ಚಿಡುವಂತಿಲ್ಲ. ಆ ಹಾಡುಗಳ ಒಡೆಯರಿಗೆ ಅದೇ ದಿನ ತಿಳಿಸಿ. ಹಾಡು ಯೂಟ್ಯೂಬಿನಲ್ಲಿ ಬೇರೆಯವರ ಹೆಸರಿನಲ್ಲಿ ಬಂದ ಮೇಲೆ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ.

ಮರುದಿನದ ಗಿರಾಕಿಗೆ ಏನು ಹೇಳುವುದು

ಹೋದ ಮೈಕನ್ನೇ ನೆಚ್ಚಿಕೊಂಡು ಇನ್ನೊಬ್ಬರು ಬರುವವರಿದ್ದಾರೆ. ಅವರು ಅಥಣಿಯಿಂದ ಗಾಡಿ ಹತ್ತುವ ಮೊದಲು ಹೇಳಿ, ಬಾಗಿಲಿಗೆ ಬಂದ ಮೇಲಲ್ಲ. “ಆ ಮೈಕು ಸದ್ಯ ಇಲ್ಲ. ಇದರಲ್ಲಿ ಹಾಡಬಹುದು, ಬೇಡವಾದರೆ ದಿನ ಮುಂದೂಡೋಣ, ಮುಂಗಡ ಹಾಗೇ ಇರುತ್ತದೆ.” ಯಾಕಿಲ್ಲ ಎಂದು ಕೇಳಿದರೆ “ಹುಡುಕುತ್ತಿದ್ದೇವೆ” ಎನ್ನಿ, ಅಷ್ಟು ಸತ್ಯ ಸಾಕು. ನಿನ್ನೆ ಯಾರು ಬಂದಿದ್ದರು ಎಂಬ ಮಾತು ಮಾತ್ರ ಬೇಡ. ಇವರ ಪೇಟಿ ಮಾಸ್ತರರೇ ನಿನ್ನೆಯ ಮೇಳದಲ್ಲೂ ನುಡಿಸಿರಬಹುದು.

ಬದಲಿ ಕೊಡುವಾಗ ಅದೇ ದರ್ಜೆಯದೆಂದು ಸುಳ್ಳು ಹೇಳದೆ, ಎಲ್ಲಿ ನಡೆಯುತ್ತದೆ ಎಲ್ಲಿ ನಡೆಯುವುದಿಲ್ಲ ಎಂದು ತಿಳಿದು ಕೊಡಿ. ಎಸ್‌ಎಂ58 ಹೋಗಿದ್ದು ಎಸ್‌ಎಂ57 ಉಳಿದಿದ್ದರೆ ಚಿಂತೆ ಬೇಡ. 1965ರಲ್ಲಿ ಬಂದ 57 ಮತ್ತು ಮರುವರ್ಷ ಬಂದ 58, ಎರಡರ ಒಳಗಿನ, ದನಿ ಹಿಡಿಯುವ ಕ್ಯಾಪ್ಸೂಲಿನ ವಿನ್ಯಾಸದ ಮೂಲ ಒಂದೇ. ಮುಖ್ಯ ವ್ಯತ್ಯಾಸ ತಲೆಯ ಮೇಲಿನ ಜಾಲರಿಯ ಉಂಡೆ. 57ಕ್ಕೆ ಫೋಮಿನ ಟೋಪಿ ಹಾಕಿದರೆ ಹಾಡುವವರ ಉಸಿರಿನ ಹೊಡೆತ ತಡೆಯುತ್ತದೆ. ದೊಡ್ಡ ಕಂಡೆನ್ಸರ್ ಮೈಕು ಹೋಗಿದ್ದರೆ ಎಸ್‌ಎಂ58 ಥರದ ಡೈನಮಿಕ್ ಮೈಕನ್ನು ಬಾಯಿಗೆ ಹತ್ತಿರ ಹಿಡಿಸಿ, ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಹೆಚ್ಚಿಸಿ. ಹಲಗಿ, ದಪ್ಪು ಪಕ್ಕದಲ್ಲೇ ಬಾರಿಸುವ ಮೇಳಗಳಿಗೆ ಅದೇ ಎಷ್ಟೋ ವಾಸಿ, ಸುತ್ತಲಿನ ಸದ್ದು ಕಡಿಮೆ ಬೀಳುತ್ತದೆ. ಡಿಐ ಬಾಕ್ಸು ಇಲ್ಲದಿದ್ದರೆ ಕೀಬೋರ್ಡನ್ನು ಗಿಡ್ಡ ತಂತಿಯಲ್ಲಿ ನೇರವಾಗಿ ಇಂಟರ್ಫೇಸಿನ (ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಯ) ಲೈನ್ ಇನ್‌ಪುಟ್ಟಿಗೆ ಕೊಡಿ. ಹೆಡ್‌ಫೋನು ಕಡಿಮೆಯಿದ್ದರೆ ಬೆನ್ನು ತೆರೆದ ನಮೂನೆಯದನ್ನು ಹಾಡುವವರಿಗೆ ಕೊಡಬೇಡಿ, ತಾಳದ ಟಿಕ್ ಟಿಕ್ ಮೈಕಿಗೆ ಸೋರುತ್ತದೆ.

ಬದಲಿ ನಡೆಯದ ಜಾಗವೆಂದರೆ ಅರ್ಧ ಆದ ಕೆಲಸ. ಆರು ಹಾಡುಗಳಲ್ಲಿ ನಾಲ್ಕನ್ನು ಒಂದು ಮೈಕಿನಲ್ಲಿ ಹಾಡಿಸಿ ಉಳಿದೆರಡನ್ನು ಇನ್ನೊಂದರಲ್ಲಿ ಹಾಡಿಸಿದರೆ ದನಿಯ ಬಣ್ಣ ಬೇರೆಯಾಗುತ್ತದೆ. ಒಂದೇ ಹಾಡಿನ ನಡುವಿನ ಸಾಲು ತಿದ್ದುವುದಾದರೆ ಇನ್ನೂ ಎದ್ದು ಕಾಣುತ್ತದೆ. ಇಂಥ ಗಿರಾಕಿಗೆ ಅದೇ ಮಾದರಿಯ ಮೈಕನ್ನು ಊರಿನ ಇನ್ನೊಂದು ಸ್ಟುಡಿಯೋದಿಂದ ಎರವಲು ತಂದುಕೊಡಿ, ಬಾಡಿಗೆ ನೀವೇ ಭರಿಸಿ.

ಅವರ ಸಾಮಾನು ನಿಮ್ಮಲ್ಲಿ ಉಳಿದಾಗ

ತಬಲಾದ ಸುತ್ತಿಗೆ, ತಾಳದ ಒಂದು ಬಟ್ಟಲು, ಊಟದ ಡಬ್ಬಿ, ಕನ್ನಡಕ. ಇವು ಸಿಕ್ಕ ಸಂಜೆಯೇ ಫೋನು ಮಾಡಿ. ಊರಿನ ಹೆಸರು, ದಿನಾಂಕ ಬರೆದ ಚೀಟಿ ಕಟ್ಟಿ ಒಂದು ಪೆಟ್ಟಿಗೆಯಲ್ಲಿಡಿ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವ ಉತ್ಸಾಹ ಬೇಡ, ಯಾರ ಕನ್ನಡಕವೆಂದು ಊರಿಗೆಲ್ಲ ತಿಳಿಯಬೇಕಾಗಿಲ್ಲ. ಮೊಬೈಲ್ ಉಳಿದಿದ್ದರೆ ತೆರೆಯಲು ಹೋಗದೆ ಚಾರ್ಜಿಗೆ ಹಾಕಿಡಿ, ಮನೆಯವರ ಕರೆ ಬಂದೇ ಬರುತ್ತದೆ. ಪಾರ್ಸೆಲ್ ಹಾಕಿದರೆ ಇದರ ಖರ್ಚೂ ನಿಮ್ಮದೇ ಇರಲಿ, ರಸೀದಿಯ ಫೋಟೋ ಮಾತ್ರ ಅವರಿಗೆ ಕಳುಹಿಸಿ.